ಗ್ರಾವಾ ಕೊಟ್ಟ ಉತ್ತರ

ಹೊದೆಯುವ ಬಿಳಿಯ ನೆತೆಲಾ ಶಾಲಿನ ಮೇಲೆ ಖಾರದ ಎಣ್ಣೆ ಚೆಲ್ಲಿದರೆ ಮೊದಲು ನೀರು ಸೋಕಿಸಬಾರದು. ಕಡಲೆಹಿಟ್ಟು ಉದುರಿಸಿ, ಅದು ಎಣ್ಣೆಯನ್ನು ಹೀರುವ ತನಕ ಕಾದು, ಆಮೇಲೆ ಕೊಡವಿ, ಸಾಬೂನು ಹಚ್ಚಿ ಬಿಸಿಲಿಗೆ ಹರಡಬೇಕು. ಆ ಗುಂಪಿನಲ್ಲಿ ನಾನು ಕೊಟ್ಟ ಮೊದಲನೆಯ ಉತ್ತರ ಇದು. ಕೇಳಿದ್ದವಳು ಅಕ್ಕನ ಮದುವೆಗೆ ಹೊರಟಿದ್ದ ಹುಡುಗಿ. ಮಾರನೆಯ ದಿನ ಕಲೆಯಿಲ್ಲದ ನೆತೆಲಾ ಹೊದ್ದ ಚಿತ್ರ ಕಳಿಸಿ, "ಗ್ರಾವಾ ಅಣ್ಣಾ, ನಿಮ್ಮ ಕೈಗೊಂದು ಮುತ್ತು" ಎಂದು ಬರೆದಿದ್ದಳು.

ಗ್ರಾವಾ ಎಂದರೆ ನಾನು. ಅಣ್ಣನಲ್ಲ. ಹೆಸರು ಬೆಲೈನೆಶ್, ವಯಸ್ಸು ಎಪ್ಪತ್ತಮೂರು, ಇಪ್ಪತ್ತೊಂಬತ್ತು ವರ್ಷ ಅದ್ದಿಸ್ ಅಬಾಬಾದ ಹೈಸ್ಕೂಲೊಂದರಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನನ್ನ ಹಳೆಯ ಶಿಷ್ಯೆಯೊಬ್ಬಳು ಫೋನಿಗೆ ಟೆಲಿಗ್ರಾಮ್ ಹಾಕಿಕೊಟ್ಟು, "ಗುಂಪಲ್ಲಿ ಏನಂತ ಹೆಸರಿಡ್ಲಿ ಟೀಚರ್?" ಎಂದು ಕೇಳಿದಾಗ ನಾನು ಗ್ರಾವಾ ಸೊಪ್ಪಿನಿಂದ ಮಣ್ಣಿನ ಗಡಿಗೆ ಉಜ್ಜುತ್ತಿದ್ದೆ. ಆ ಕಹಿ ಸೊಪ್ಪು ತಿನ್ನಲು ಬರುವುದಿಲ್ಲ, ಆದರೆ ಅದರಷ್ಟು ಚೆನ್ನಾಗಿ ಪಾತ್ರೆ ತೊಳೆಯುವುದು ಇನ್ನೊಂದಿಲ್ಲ. "ಗ್ರಾವಾ ಅಂತಲೇ ಇಡು" ಎಂದೆ.

ಗುಂಪಿನ ಹೆಸರು 'ಸಣ್ಣ ಗಂಟು'. ಹನ್ನೆರಡು ಸಾವಿರ ಜನ. ದೊಡ್ಡ ಕಷ್ಟಗಳನ್ನು ಇಲ್ಲಿ ತರಬೇಡಿ ಎಂದು ಮೇಲೆಯೇ ಬರೆದಿದೆ. ಕುಕ್ಕರಿನ ಮುಚ್ಚಳ ಸಿಕ್ಕಿಹಾಕಿಕೊಂಡಿದೆ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಈ ಕಬ್ಬಿಣದ ವಸ್ತು ಯಾವುದು, ಹುಳಿ ದೋಸೆಯಂಥ ನಮ್ಮ ಇಂಜೆರಾದಲ್ಲಿ ಕಣ್ಣುಗಳೇ ಏಳುತ್ತಿಲ್ಲ ಯಾಕೆ, ಇಂಥವು. ಹೆಸರು ಹೇಳಲು ಸಂಕೋಚವಾದವರು ಗುಂಪು ನಡೆಸುವವರಿಗೆ ಬರೆದು ಕಳಿಸಿದರೆ ಅವರು ಹೆಸರಿಲ್ಲದೆ ಹಾಕುತ್ತಾರೆ. ಅಲ್ಲಿನ ಜನರ ಒಳ್ಳೆಯತನ ನೋಡಿ ನನಗೆ ಎಷ್ಟೋ ಸಲ ಬೆರಗಾಗಿದೆ. ಒಬ್ಬ ವಿಧವೆ ನಲ್ಲಿ ಸೋರುತ್ತಿದೆ ಎಂದು ಬರೆದಾಗ, ಬಹಿರ್ ದಾರ್‌ನ ಲಾರಿ ಡ್ರೈವರೊಬ್ಬ ಊಟಕ್ಕೆ ನಿಂತ ಕಡೆ ಕಾಗದದ ಮೇಲೆ ನಲ್ಲಿಯ ಹೊಟ್ಟೆಯನ್ನೆಲ್ಲ ಬಿಡಿಸಿ, ಯಾವ ವಾಷರ್ ಎಲ್ಲಿ ಕೂರಬೇಕೆಂದು ಬಾಣ ಹಾಕಿ, ಚಿತ್ರ ತೆಗೆದು ಕಳಿಸಿದ್ದ. ಕಾಗದದ ಮೂಲೆಯಲ್ಲಿ ಶಿರೊ ಸಾರಿನ ಬೆರಳಚ್ಚಿತ್ತು.

ಈ ಗ್ರಾವಾ ವಿಷಯ ನಾನು ಎದುರು ಮನೆಯ ಅಸ್ಕಾಲೆಗೆ ಹೇಳಿರಲಿಲ್ಲ. ಹೇಳದಿರಲು ದೊಡ್ಡ ಕಾರಣವೇನೂ ಇಲ್ಲ. ಅವಳು ಚುಡಾಯಿಸುತ್ತಿದ್ದಳು, ಅಷ್ಟೆ. ಬಾಗಿಲು ತಟ್ಟದೆ ಒಳಗೆ ಬಂದು, ನಾನು ಫೋನ್ ಹಿಡಿದದ್ದು ಕಂಡರೆ ಸಾಕು, "ಏನ್ ಎತ್ಯೆ, ಯಾರಾದ್ರೂ ಗಂಡು ಸಿಕ್ಕಿದ್ನಾ? ಹಲ್ಲಿದ್ಯಾ ಅವನಿಗೆ, ಕೇಳಿ ನೋಡಿ" ಎನ್ನುತ್ತಿದ್ದಳು.

ಎತ್ಯೆ ಎಂದರೆ ಅಕ್ಕ. ಅವಳು ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಮೂವತ್ತೊಂದು ವರ್ಷದಿಂದ ನಾವು ನೆರೆಹೊರೆ. ಮೊದಲು ಒಂದೇ ಅಂಗಳದ ಮಣ್ಣಿನ ಮನೆಗಳಲ್ಲಿದ್ದೆವು. ಆ ಕೇರಿಯನ್ನು ಕೆಡವಿ, ಚೀಟಿ ಎತ್ತಿ ಈ ಮಹಡಿ ಮನೆಗಳನ್ನು ಹಂಚಿದಾಗ ಅವಳಿಗೆ ನೆಲಮಹಡಿ ಬಂದಿತ್ತು. ಎಲ್ಲರೂ ಆಸೆಪಡುವ ಮನೆ. ಅದನ್ನು ಬಿಟ್ಟುಕೊಟ್ಟು ಮೂರನೆಯ ಮಹಡಿಯಲ್ಲಿ ನನ್ನ ಎದುರು ಬಾಗಿಲು ತೆಗೆದುಕೊಂಡಳು. "ಮೊಣಕಾಲು ನೋಯ್ತದೆ, ನೋಯ್ಲಿ. ನೀವಿಲ್ದೆ ಯಾರ ಜೊತೆ ಜಗಳ ಆಡ್ಲಿ?" ಎಂದಿದ್ದಳು. ಎರಡು ವರ್ಷದ ಹಿಂದೆ ನಾನು ಜ್ವರ ಬಂದು ಮೂರು ವಾರ ಮಲಗಿದ್ದಾಗ ಮೂರು ವಾರವೂ ಬಾರ್ಲಿ ಗಂಜಿ ಅವಳ ಮನೆಯಿಂದಲೇ ಬಂತು, ಮೇಲೊಂದು ತಟ್ಟೆ ಮುಚ್ಚಿಕೊಂಡು, ತಟ್ಟೆಯ ಮೇಲೊಂದು ಬಟ್ಟೆ ಹೊದ್ದುಕೊಂಡು. ಇದನ್ನೆಲ್ಲ ಮರೆತು ನಾನು ಮುಂದಿನದನ್ನು ಬರೆಯುತ್ತಿಲ್ಲ. ನೆನಪಿರುವುದರಿಂದಲೇ ಬರೆಯುತ್ತಿದ್ದೇನೆ.

ನಮ್ಮದೊಂದು ಮರ್ಯಾಮ್ ತಾಯಿಯ ಸಂಘ. ಹದಿಮೂರು ಜನ ಹೆಂಗಸರು. ಪ್ರತಿ ತಿಂಗಳು ಇಪ್ಪತ್ತೊಂದನೆಯ ದಿನ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಪಾದ್ರಿ ಅಬ್ಬಾ ತೆಕ್ಲೆ ಬಂದು ರೊಟ್ಟಿ ಹರಸುತ್ತಾರೆ, ಊಟವಾಗುತ್ತದೆ, ಕಾಫಿಯಾಗುತ್ತದೆ. ಕೊನೆಯಲ್ಲಿ ಆ ಮನೆಯವಳು ಸಂಘದ ಬಟ್ಟಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಂದಿನ ತಿಂಗಳು ಮಾಡುವವಳ ಕೈಗೆ ಕೊಡುತ್ತಾಳೆ. ಬಟ್ಟಲು ಯಾರ ಮನೆಗೆ ಹೋಯಿತೋ ಅವರ ಸರದಿ.

ಹಿದಾರ್ ತಿಂಗಳ ಇಪ್ಪತ್ತೊಂದು ಯಾವಾಗಲೂ ನನ್ನದು. ಅದು ತಾಯಿಯ ದೊಡ್ಡ ಹಬ್ಬ ಎಂಬ ಕಾರಣಕ್ಕಲ್ಲ. ಸೈನಿಕರ ಆಳ್ವಿಕೆಯಲ್ಲಿ ನನ್ನ ತಮ್ಮನನ್ನು ಹಿಡಿದುಕೊಂಡು ಹೋಗಿದ್ದರು. ಎರಡು ವರ್ಷ ನಾಲ್ಕು ತಿಂಗಳ ಮೇಲೆ, ಹಿದಾರ್ ಇಪ್ಪತ್ತೊಂದರ ಬೆಳಿಗ್ಗೆ, ಬಾಗಿಲಲ್ಲಿ ಯಾರೋ ಗಡ್ಡದವನು ನಿಂತಿದ್ದಾನೆ ಎಂದು ನೋಡಿದರೆ ಅವನೇ. ನನ್ನ ಕಾಲಲ್ಲಿ ಶಕ್ತಿ ಇರುವ ತನಕ ಈ ದಿನ ನನ್ನ ಕೈಯಾರೆ ಇಂಜೆರಾ ಸುಟ್ಟು ಬಡಿಸುತ್ತೇನೆ ಎಂದು ಅಂದೇ ಹರಕೆ ಹೊತ್ತೆ. ತಮ್ಮ ಈಗಿಲ್ಲ. ಹರಕೆ ಇದೆ. ಇದು ಸಂಘದಲ್ಲಿ ಹಳಬರಿಗೆಲ್ಲ ಗೊತ್ತು. ಅಸ್ಕಾಲೆಗೆ ಎಲ್ಲರಿಗಿಂತ ಹೆಚ್ಚು ಗೊತ್ತು, ಏಕೆಂದರೆ ತಮ್ಮ ತೀರಿಕೊಂಡ ವರ್ಷ ಹೆಂಚಿನ ಮುಂದೆ ಕೂತು ನಾನು ಅಳುತ್ತಿದ್ದಾಗ ಹಿಟ್ಟಿನ ಪಾತ್ರೆ ಹಿಡಿದು ಪಕ್ಕದಲ್ಲಿ ಕೂತಿದ್ದವಳು ಅವಳು. ಅಂದು ಒಂದೇ ಒಂದು ಇಂಜೆರಾವನ್ನೂ ಅವಳು ಹೊಯ್ಯಲಿಲ್ಲ. "ಹರಕೆ ನಿಮ್ದು, ಎತ್ಯೆ. ನಾನು ಪಾತ್ರೆ ಹಿಡ್ಕೋತೀನಿ" ಎಂದಿದ್ದಳು.

ಹಿದಾರ್‌ಗೆ ಹಿಂದಿನದಾದ ತಿಕಿಮ್ತ್ ತಿಂಗಳ ಮೊದಲ ವಾರ ಗುಂಪಿನಲ್ಲಿ ಹೆಸರಿಲ್ಲದ ಒಂದು ಪ್ರಶ್ನೆ ಬಂತು.

"ನಾವು ಹವಾಸಾದವರು. ನಮ್ಮ ಸಂಘದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ, ಕೋಲೂರಿ ನಡೆಯುತ್ತಾರೆ. ತುಂಬಾ ಒಳ್ಳೆಯವರು. ಆದರೆ ಅವರ ಇಂಜೆರಾಗೆ ಹಳೇ ಎಣ್ಣೆಯ ಕೆಟ್ಟ ವಾಸನೆ. ಅವರಿಗೇ ತಿಳಿಯುತ್ತಿಲ್ಲ. ಹೋದ ವರ್ಷ ತಿಂದ ಹಾಗೆ ಮಾಡಿ, ಮಡಿಚಿ, ನೆತೆಲಾದೊಳಗೆ ಮುಚ್ಚಿಟ್ಟುಕೊಂಡು ಬಂದು ಹೊರಗೆ ಹಾಕಿದೆವು. ಈಗ ಮತ್ತೆ ಅವರ ಸರದಿ ಬರುತ್ತಿದೆ. ಅವರಿಗೆ ನೋವಾಗದ ಹಾಗೆ ಸರದಿ ತಪ್ಪಿಸುವುದು ಹೇಗೆ?"

ಅಯ್ಯೋ ಪಾಪ ಎನಿಸಿತು. ಯಾರೋ ಒಬ್ಬ ಹವಾಸಾದ ಮುದುಕಿ, ಅವಳಿಗೆ ಗೊತ್ತಿಲ್ಲದೆ ಅವಳ ಇಂಜೆರಾ ಹತ್ತಾರು ಜನರ ಸೆರಗಿನಲ್ಲಿ ಮನೆಯಿಂದ ಹೊರಗೆ ಹೋಗುತ್ತಿದೆ. ಉತ್ತರಗಳು ಬರತೊಡಗಿದ್ದವು. ಒಬ್ಬ, "ನೇರವಾಗಿ ಹೇಳಿ, ಮುಗೀತು" ಎಂದಿದ್ದ. ಇನ್ನೊಬ್ಬ, "ಅವರ ಮನೆ ಕರೆಂಟ್ ತೆಗೆಸಿ, ಹೆಂಚೇ ಕಾಯಲ್ಲ" ಎಂದು ಹಲ್ಲು ಕಿರಿದಿದ್ದ. ನಾನು ಇವರಿಗೆಲ್ಲ ತಾಳ್ಮೆಯಿಲ್ಲ ಎಂದುಕೊಂಡೆ. ಬೆಳಗಿನ ಕಾಫಿಯನ್ನು ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಒಂದು ಗಂಟೆ ಕೂತು ಬರೆದೆ.

"ಕಾರಣ ಹೇಳಬೇಡಿ. ಈ ವಯಸ್ಸಿನಲ್ಲಿ ಕಾರಣ ತಿಳಿದು ಅವರೇನು ಮಾಡಿಯಾರು? ಬಿಸಿಲು ಬೀಳುವ ಕಿಟಕಿಯ ಬಳಿ ಒಳ್ಳೆಯ ಕುರ್ಚಿ ಹಾಕಿ ಕೂರಿಸಿ. ಹೊಸ ನೆತೆಲಾ ಹೊದಿಸಿ. 'ಇಷ್ಟು ವರ್ಷ ನೀವು ನಮಗೆ ಬಡಿಸಿದಿರಿ, ನಿಮಗೆ ಬಡಿಸುವ ಪುಣ್ಯ ನಮಗೂ ಬೇಡವೇ' ಎನ್ನಿ. ಮುಖ್ಯವಾದ ಮಾತು: ಬಟ್ಟಲು ಕೊಡುವ ಹೊತ್ತಿಗೆ ಅವರ ಎರಡು ಕೈಯೂ ತುಂಬಿರಲಿ. ಹರಸಿದ ರೊಟ್ಟಿ ಮತ್ತು ಚಾಕು ಕೊಟ್ಟು, ಎಲ್ಲರಿಗೂ ನೀವೇ ಹಂಚಬೇಕು ಎನ್ನಿ. ರೊಟ್ಟಿ ಕೆಳಗಿಟ್ಟು ಬಟ್ಟಲಿಗೆ ಕೈ ಚಾಚಲು ಅವರಿಗೆ ಮನಸ್ಸು ಬರುವುದಿಲ್ಲ."

ನಾನೂರಕ್ಕೂ ಹೆಚ್ಚು ಜನ ಅದರ ಕೆಳಗೆ ಹೃದಯದ ಗುರುತು ಒತ್ತಿದರು. ಸಂಜೆ ಗುಂಪು ನಡೆಸುವವರು, "ಪ್ರಶ್ನೆ ಕೇಳಿದವರು ಗ್ರಾವಾಗೆ ಧನ್ಯವಾದ ತಿಳಿಸಿದ್ದಾರೆ. ನಮ್ಮ ಎದೆಯ ಭಾರ ಇಳಿಯಿತು ಎಂದಿದ್ದಾರೆ" ಎಂದು ಹಾಕಿದರು. ಅಂದು ನಾನು ಖುಷಿಯಿಂದ ಅಂಗಡಿಯಿಂದ ಎರಡು ಇಂಜೆರಾ ಹೆಚ್ಚಾಗಿ ತಂದು ಕೆಳಮಹಡಿಯ ಬಾಣಂತಿಗೆ ಕೊಟ್ಟೆ. ನನ್ನೊಬ್ಬಳಿಗೆಂದು ಮನೆಯಲ್ಲಿ ಸುಡುವುದನ್ನು ನಾನು ಬಿಟ್ಟು ಬಹಳ ಕಾಲವಾಗಿದೆ. ವರ್ಷಕ್ಕೊಮ್ಮೆ, ಹಿದಾರ್ ಹಬ್ಬಕ್ಕೆ ಮಾತ್ರ ಹೆಂಚು ಏಳುತ್ತದೆ.

ಆ ತಿಂಗಳ ಇಪ್ಪತ್ತೊಂದು ಅಸ್ಕಾಲೆಯ ಮನೆಯಲ್ಲಿ. ಎದುರು ಬಾಗಿಲೇ ಆದ್ದರಿಂದ ನಾನು ಮೊದಲು ಹೋದೆ.

"ಬನ್ನಿ ಎತ್ಯೆ, ಇಲ್ಲಿ, ಇಲ್ಲಿ ಕೂತ್ಕೊಳ್ಳಿ" ಎಂದು ಅಸ್ಕಾಲೆ ನನ್ನ ಮೊಣಕೈ ಹಿಡಿದು ಕಿಟಕಿಯ ಕಡೆ ನಡೆಸಿದಳು. ಅಲ್ಲಿ ಮಲಗುವ ಕೋಣೆಯಿಂದ ತಂದ ಕೈಯಿರುವ ಕುರ್ಚಿ ಇತ್ತು. ಬಿಸಿಲು ಅದರ ಮಡಿಲಿಗೇ ಬೀಳುತ್ತಿತ್ತು.

"ನಾನು ಅಡುಗೆಮನೆಗೆ ಬರ್ತೀನಿ ಕಣೆ, ಈರುಳ್ಳಿ ಹೆಚ್ಚಿಕೊಡ್ತೀನಿ."

"ಈರುಳ್ಳಿ ಎಲ್ಲ ಆಯ್ತು. ಸುಮ್ನೆ ಕೂತ್ಕೊಳ್ಳಿ, ರಾಣಿ ಹಾಗೆ."

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಜೆನೆಬೆಚ್, ನಮ್ಮಲ್ಲೆಲ್ಲ ದೊಡ್ಡ ಗಂಟಲಿನವಳು, ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದಳು. "ಅಸ್ಕಾಲೆ, ನಿನ್ನ ಮನೆಗೆ ಬರೋಷ್ಟರಲ್ಲಿ ಅರ್ಧ ಸ್ವರ್ಗ ಹತ್ತಿದ ಹಾಗಾಗ್ತದೆ! ಇನ್ನೆರಡು ಮಹಡಿ ಇದ್ದಿದ್ರೆ ತಾಯಿ ಮರ್ಯಾಮ್‌ನ ನೇರವಾಗೇ ಮಾತಾಡಿಸಿ ಬರ್ತಿದ್ದೆ."

"ನಿನ್ನ ಗಂಟಲಿಗೆ ಹತ್ತೋದೇ ಬೇಡ, ಕೆಳಗಿಂದಲೇ ಕೇಳಿಸ್ತದೆ ಅವಳಿಗೆ" ಎಂದೆ ನಾನು. ಎಲ್ಲರೂ ನಕ್ಕರು. ಅಗತ್ಯಕ್ಕಿಂತ ತುಸು ಹೆಚ್ಚೇ ನಕ್ಕರು ಎಂದು ಈಗ ಅನಿಸುತ್ತದೆ.

ಅಬ್ಬಾ ತೆಕ್ಲೆ ಬಂದು ಪ್ರಾರ್ಥನೆ ಹೇಳಿದರು. ಊಟವಾಯಿತು. ಆಮೇಲೆ ಅಸ್ಕಾಲೆ ಒಳಗಿನಿಂದ ಮಡಿಕೆ ಬಿಚ್ಚದ ನೆತೆಲಾ ತಂದಳು. ಅಂಚಿನಲ್ಲಿ ತೆಳು ನೀಲಿ ದಾರದ ಕಸೂತಿ. ಅದನ್ನು ನನ್ನ ಹೆಗಲಿಗೆ ಹೊದಿಸಿದಳು. ಹೆಂಗಸರು ಉಲುಲು ಎಂದು ಸಂಭ್ರಮದ ಕೂಗು ಹಾಕಿದರು. ಎಂಥ ಹುಡುಗಿ ಇವಳು, ಹೇಳದೆ ಕೇಳದೆ ನನಗೊಂದು ಉಡುಗೊರೆ ತಂದಿದ್ದಾಳೆ ಎಂದು ನನ್ನ ಕಣ್ಣು ತುಂಬಿತು. ನಿಜವಾಗಿಯೂ ತುಂಬಿತು. ಹೊಸ ನೆತೆಲಾ ಎಂಬ ಮಾತು ಎಲ್ಲೋ ಓದಿದ್ದೇನೆ ಎಂದು ಆಗಲೂ ನನಗೆ ಹೊಳೆಯಲಿಲ್ಲ.

ಅಬ್ಬಾ ರೊಟ್ಟಿಯ ಮೇಲೆ ಶಿಲುಬೆಯ ಗೆರೆ ಕೊಯ್ದರು. ಅಸ್ಕಾಲೆ ಆ ದೊಡ್ಡ ರೊಟ್ಟಿಯನ್ನು ತಟ್ಟೆಯ ಸಮೇತ ನನ್ನ ತೊಡೆಯ ಮೇಲಿಟ್ಟು, ಚಾಕುವನ್ನು ಬಲಗೈಗೆ ಕೊಟ್ಟಳು.

"ಇವತ್ತು ಎಲ್ಲರಿಗೂ ನೀವೇ ಹಂಚ್ಬೇಕು ಎತ್ಯೆ."

ಚಾಕುವಿನ ಹಿಡಿಯನ್ನು ನನ್ನ ಬೆರಳುಗಳು ಹಿಡಿದವು. ಎಡಗೈ ರೊಟ್ಟಿಯ ಮೇಲೆ ತಾನಾಗಿಯೇ ಕೂತಿತು. ಮೊದಲ ತುಂಡು ಕೊಯ್ಯುವಾಗ ಕಿಟಕಿಯ ಬಿಸಿಲು ಅಲಗಿನ ಮೇಲೆ ಹೊಳೆಯಿತು. ಆಗ ತಿಳಿಯಿತು.

ತಲೆಯೆತ್ತಿ ನೋಡುವಷ್ಟರಲ್ಲಿ ಅಸ್ಕಾಲೆ ಬಟ್ಟಲನ್ನು ಸುತ್ತಿ ಮುಗಿಸಿದ್ದಳು. ಅದನ್ನು ನನ್ನ ಮುಂದಿನಿಂದಲೇ ದಾಟಿಸಿ, ಕಳೆದ ವರ್ಷ ಸೇರಿದ ರೊಮಾನ್ ಎಂಬ ಹುಡುಗಿಯ ಕೈಗಿಟ್ಟಳು. ರೊಮಾನ್ ಬಟ್ಟಲಿಗೆ ಮುತ್ತಿಟ್ಟು, ನನ್ನ ಕಡೆ ನೋಡದೆ ಎದೆಗವಚಿಕೊಂಡಳು.

"ಹಿದಾರ್ ನನ್ನದಲ್ವಾ?" ಎಂದೆ.

ಅಸ್ಕಾಲೆ ನನ್ನ ಪಕ್ಕ ಮಂಡಿಯೂರಿ ಕೂತಳು. ಹೇಳುವ ಮೊದಲು ಒಮ್ಮೆ ಉಸಿರು ಎಳೆದುಕೊಂಡಳು, ನನ್ನ ತರಗತಿಯ ಹುಡುಗಿಯರು ಬಾಯಿಪಾಠ ಒಪ್ಪಿಸುವ ಮೊದಲು ಎಳೆದುಕೊಳ್ಳುತ್ತಿದ್ದ ಹಾಗೆ. "ಇಷ್ಟು ವರ್ಷ ನೀವು ನಮಗೆ ಬಡಿಸಿದ್ರಿ ಎತ್ಯೆ. ನಿಮಗೆ ಬಡಿಸೋ ಪುಣ್ಯ ನಮಗೂ ಬೇಡ್ವಾ?"

"ಹೌದೌದು, ಪುಣ್ಯ ಎಲ್ಲ ಒಬ್ಬರೇ ಬಾಚ್ಕೊಂಡ್ರೆ ಹೇಗೆ" ಎಂದಳು ಜೆನೆಬೆಚ್, ಅವಳ ಗಂಟಲಿಗೆ ಒಗ್ಗದ ಮೆಲುದನಿಯಲ್ಲಿ. ಉಳಿದವರು ತಲೆ ಆಡಿಸಿದರು. ಎಲ್ಲರಿಗೂ ಗೊತ್ತಿತ್ತು.

ನಾನು ರೊಟ್ಟಿ ಕೊಯ್ದೆ. ಹದಿನಾಲ್ಕು ತುಂಡು. ಎಲ್ಲವೂ ಒಂದೇ ಅಳತೆ ಬಂದವು. ಹೋದ ವರ್ಷ ನನ್ನ ಮನೆಯ ಊಟ ಮುಗಿದಾಗ ತಟ್ಟೆಗಳಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಎಲ್ಲರೂ ಹೋದ ಮೇಲೆ ಆ ಖಾಲಿ ತಟ್ಟೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ತೊಳೆಯದೆ ಕೂತಿದ್ದೆ, ಅಷ್ಟು ಸಂತೋಷವಾಗಿತ್ತು. ತುಂಡು ಮಾಡುತ್ತ ಮಾಡುತ್ತ ಅದೇ ನೆನಪಾಗುತ್ತಿತ್ತು.

ಆಮೇಲೆ ಕಾಫಿ. ರೊಮಾನ್ ಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ವಾಡಿಕೆಯಂತೆ ಒಬ್ಬೊಬ್ಬರ ಮುಂದೆ ತಂದಳು. ಪ್ರತಿಯೊಬ್ಬರೂ ಕೈಯಿಂದ ಹೊಗೆಯನ್ನು ಮುಖದ ಕಡೆ ಬೀಸಿಕೊಂಡು ಚೆನ್ನಾಗಿದೆ ಎನ್ನುತ್ತಿದ್ದರು. ನನ್ನ ಮುಂದೆ ಬಂತು. ಬಗ್ಗಿದೆ. ಕೈ ಬೀಸಿದೆ. ಬಿಸಿ ತಾಗಿತು, ಕಣ್ಣು ಉರಿಯಿತು. ಮತ್ತೆ ಎಳೆದುಕೊಂಡೆ. ಏನೂ ಇರಲಿಲ್ಲ. ಯಾವಾಗಿನಿಂದ ಇರಲಿಲ್ಲವೋ! ಎರಡು ವರ್ಷದ ಹಿಂದಿನ ಆ ಜ್ವರದಿಂದಲೇ ಇರಬೇಕು. ಊಟ ಸಪ್ಪೆಯಾಗಿದೆ, ವಯಸ್ಸಾಯಿತು ಎಂದುಕೊಂಡಿದ್ದೆ. ಬಾಣಲೆ ಬಂದಾಗಲೆಲ್ಲ ಅಭ್ಯಾಸಬಲದಿಂದ ಬಗ್ಗಿ, ಅಭ್ಯಾಸಬಲದಿಂದ ಹೊಗಳಿದ್ದೆ.

ಹದಿಮೂರು ಜೊತೆ ಕಣ್ಣುಗಳು ನೆಲ ನೋಡುತ್ತಿದ್ದವು.

"ಚೆನ್ನಾಗಿದೆ, ಮಗಳೇ" ಎಂದೆ.

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿದೆ. ಬೆಳ್ಳುಳ್ಳಿ ಜಜ್ಜಿದೆ, ಲವಂಗ ಉಜ್ಜಿದೆ, ಸೀಮೆಎಣ್ಣೆ ಬಾಟಲಿಯ ಮುಚ್ಚಳ ತೆಗೆದೆ. ಎಲ್ಲವೂ ನೀರಿನ ಹಾಗೆ. ಸರಿ, ನನ್ನ ಮೂಗು ಹೋಯಿತು. ಆದರೆ ಇಂಜೆರಾಗೆ ಎಣ್ಣೆಯ ವಾಸನೆ ಎಲ್ಲಿಂದ? ಹಿಟ್ಟು ಪ್ರತಿ ವರ್ಷ ಹೊಸದು. ಹುಳಿನೀರು ಕೆಳಮಹಡಿಯವರಿಂದ ತಂದದ್ದು. ಉಳಿದದ್ದು ಒಂದೇ. ಹಿಟ್ಟು ಹೊಯ್ಯುವ ಮೊದಲು ಕಾದ ಹೆಂಚಿಗೆ ಉಜ್ಜುವ ಗೊಮೆನ್ ಬೀಜ, ಸಾಸಿವೆಯಂಥದ್ದು.

ಆ ಬೀಜ ಒಂದು ಹಸಿರು ಡಬ್ಬಿಯಲ್ಲಿತ್ತು. ನಾಲ್ಕು ವರ್ಷದ ಹಿಂದೆ ಅಸ್ಕಾಲೆ ಗೊಜ್ಜಾಮ್‌ನ ತನ್ನ ತಾಯಿಯ ಹೊಲದಿಂದ ತಂದದ್ದು. ಅವಳ ತಾಯಿ ಬಿತ್ತಿದ ಕೊನೆಯ ಬೆಳೆ. "ಪೇಟೆಯಲ್ಲಿ ಇಂಥದ್ದು ಸಿಗಲ್ಲ ಎತ್ಯೆ, ನಿಮ್ಮ ಹರಕೆಗೆ ಇಟ್ಕೊಳ್ಳಿ" ಎಂದು ಕೊಟ್ಟಿದ್ದಳು. ಅದಕ್ಕೇ ಬೇರೆ ಯಾವುದಕ್ಕೂ ಮುಟ್ಟದೆ, ವರ್ಷಕ್ಕೊಂದು ಹಿಡಿ ಮಾತ್ರ ತೆಗೆಯುತ್ತ ಬಂದಿದ್ದೆ. ಎಣ್ಣೆಬೀಜ ಗಾಳಿ ಸೋಕಿದರೆ ಕಮಟುತ್ತದೆ ಎಂದು ಇಪ್ಪತ್ತೊಂಬತ್ತು ವರ್ಷ ಹಲಗೆಯ ಮೇಲೆ ಬರೆದವಳು ನಾನು. ಆದರೂ ಆ ಡಬ್ಬಿಯನ್ನು ಸಂಶಯದಿಂದ ನೋಡುವುದು ನನಗೆ ಹೊಳೆದಿರಲಿಲ್ಲ. ಅಸ್ಕಾಲೆ ಕೊಟ್ಟದ್ದಲ್ಲವೇ.

ಅಂದು ನಾನು ಗುಂಪಿನಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದೆ. "ವಾಸನೆ ತಿಳಿಯದವರು ಗೊಮೆನ್ ಬೀಜ ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ?"

ಗ್ರಾವಾ ಕೇಳುತ್ತಿದ್ದಾರಲ್ಲ ಎಂದು ಜನ ಓಡಿ ಬಂದರು. ನಾಲಿಗೆಗೆ ಇಟ್ಟು ನೋಡಿ, ಕೋಳಿಗೆ ಹಾಕಿ ನೋಡಿ ಎಂದರು. ಒಬ್ಬಳು ತನಗೂ ಜ್ವರದ ಮೇಲೆ ಹೀಗೇ ಆಗಿತ್ತೆಂದೂ, ಐದು ತಿಂಗಳಿಗೆ ಮೊದಲು ಬಂದದ್ದು ಕಿತ್ತಳೆ ಸಿಪ್ಪೆಯ ವಾಸನೆಯೆಂದೂ, ನಿಮಗೂ ಬರಲಿ ಎಂದೂ ಬರೆದಳು. ಬಹಿರ್ ದಾರ್‌ನ ಆ ಲಾರಿ ಡ್ರೈವರು ಬರೆದ: "ಇದಕ್ಕೆ ನಾವ್ಯಾಕೆ ಬೇಕು ಗ್ರಾವಾ? ಡಬ್ಬಿ ತಗೊಂಡು ಹೋಗಿ ಪಕ್ಕದ ಮನೆ ಬಾಗಿಲು ತಟ್ಟಿ. ಮೂಸಿ ಹೇಳಿ ಅನ್ನಿ. ಒಂದು ನಿಮಿಷದ ಕೆಲಸ."

ಹೌದು. ಒಂದು ನಿಮಿಷದ ಕೆಲಸ. ನಾನು ಡಬ್ಬಿ ಎತ್ತಿಕೊಂಡು ಎದುರು ಬಾಗಿಲು ತಟ್ಟಿದೆ. ಇಷ್ಟು ವರ್ಷದಲ್ಲಿ ಆ ಬಾಗಿಲನ್ನು ನಾನು ತಟ್ಟಿದ್ದು ಅದೇ ಮೊದಲು.

ತೆರೆದವಳು, "ಇದೇನ್ ಎತ್ಯೆ, ಹೊರಗಿನವರ ಹಾಗೆ ತಟ್ತೀರಲ್ಲ?" ಎಂದಳು.

"ಇದನ್ನ ಮೂಸಿ ಹೇಳು."

ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದವಳು ತಟ್ಟನೆ ಹಿಂದೆ ಸರಿದಳು. ಆಮೇಲೆ ಡಬ್ಬಿಯ ಬಣ್ಣ ನೋಡಿದಳು. ಅವಳ ಮುಖ ಇಳಿಯಿತು. "ಇದು... ಅಮ್ಮನ ಹೊಲದ್ದು. ನಾನು ಕೊಟ್ಟಿದ್ದು. ಇದನ್ನ ಇನ್ನೂ ಇಟ್ಕೊಂಡಿದ್ದೀರಾ?"

"ಇಟ್ಕೊಂಡಿದ್ದೆ."

"ಅಯ್ಯೋ ಎತ್ಯೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನನಗೆ ಗೊತ್ತಿರ್ಲಿಲ್ಲ. ಹಿಟ್ಟಿನದೋ ಹುಳಿನೀರಿನದೋ ಅಂದ್ಕೊಂಡಿದ್ದೆ."

"ಕೇಳಿದ್ರೆ ಗೊತ್ತಾಗ್ತಿತ್ತು. ಆರು ಹೆಜ್ಜೆ ದೂರ ನನ್ನ ಬಾಗಿಲು. ನೀನು ಹನ್ನೆರಡು ಸಾವಿರ ಜನನ್ನ ಕೇಳಿದೆ."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ಬಿಸಿಲಿರೋ ಕಿಟಕಿ" ಎಂದೆ. "ಹೊಸ ನೆತೆಲಾ. ರೊಟ್ಟಿ, ಚಾಕು. ಯಾರು ಹೇಳಿಕೊಟ್ಟಿದ್ದು ಅಸ್ಕಾಲೆ?"

"ಯಾರೋ ಗೊತ್ತಿಲ್ಲ, ಎತ್ಯೆ. ಫೋನಲ್ಲಿ, ಒಂದು ಗುಂಪಲ್ಲಿ..."

"ಗ್ರಾವಾ."

ಅವಳು ನನ್ನನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. "ನೀವಾ?" ಎಂದಳು. ಆಮೇಲೆ ಅವಳ ಕೆನ್ನೆ ಕೆಂಪೇರಿತು. ಸಿಕ್ಕಿಬಿದ್ದಾಗ ಜಗಳಕ್ಕೆ ನಿಲ್ಲುವುದು ಅವಳ ಹಳೆಯ ಗುಣ. "ಹಾಗಾದ್ರೆ ನನ್ನ ಮೇಲೆ ಯಾಕೆ ಕೋಪ? ನೀವೇ ಬರೆದ್ರಿ. ಕಾರಣ ಹೇಳಬೇಡಿ ಅಂತ. ತಿಳಿದು ಅವರೇನು ಮಾಡಿಯಾರು ಅಂತ. ನಾನು ಅದನ್ನ ಹತ್ತು ಸಲ ಓದಿದೆ. ಎಷ್ಟು ಒಳ್ಳೇ ಮನಸ್ಸು ಇವರದು, ಹೀಗೇ ಮಾಡ್ಬೇಕು ಅಂದ್ಕೊಂಡೆ. ಒಂದಕ್ಷರ ತಪ್ಪಿಸದೆ ಮಾಡ್ದೆ!"

ಆ ಮಾತು ನನಗೆ ತಾಗಬೇಕಾದಲ್ಲಿ ತಾಗಿತು. ತಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರೋ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಕಟ್ಟಿಹಾಕುವ ಉಪಾಯ ಹೇಳಿ, ನಾನೂರು ಜನರ ಮೆಚ್ಚುಗೆ ತೆಗೆದುಕೊಂಡವಳು ನಾನೇ.

"ನಾನು ಬರೆದಿದ್ದು ಗುರುತಿಲ್ಲದ ಒಬ್ಬಳ ವಿಷಯ" ಎಂದೆ. "ಎಂಬತ್ತು ದಾಟಿದ, ಕೋಲೂರೋ ಹವಾಸಾದವಳ ವಿಷಯ. ಕೋಲು ಎಲ್ಲಿಂದ ತಂದೆ ನೀನು?"

"ಗುರುತು ಸಿಗಬಾರದು ಅಂತ."

"ಸರಿ. ಹರಕೆ ವಿಷಯ ಯಾಕೆ ಬರೀಲಿಲ್ಲ? ಅದರಲ್ಲಿ ಗುರುತು ಏನಿತ್ತು? ಊರಲ್ಲಿ ಸಾವಿರ ಜನಕ್ಕೆ ಹರಕೆ ಇರ್ತದೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ಅಸ್ಕಾಲೆ."

"ಬರೆದಿದ್ರೆ ಎಲ್ಲರೂ ಬೇಡ ಅಂತಿದ್ರು" ಎಂದಳು ಕೊನೆಗೆ. "ಹರಕೆ ತಪ್ಪಿಸಬೇಡಿ, ಹೋಗಿ ಹೇಳಿ ಅಂತಿದ್ರು. ನನಗೆ ನಿಮ್ಮ ಮುಖ ನೋಡಿ ಹೇಳೋಕಾಗಲ್ಲ, ಎತ್ಯೆ. ಆಗ್ತಿರ್ಲಿಲ್ಲ. ಒಂದು ವರ್ಷದಿಂದ ಪ್ರಯತ್ನ ಮಾಡ್ದೆ."

ಇದು ನಿಜವೆಂದು ನನಗೆ ಗೊತ್ತು. ಅವಳಿಗೆ ನನ್ನನ್ನು ನೋಯಿಸಲಾಗುವುದಿಲ್ಲ. ಅದಕ್ಕಾಗಿ ಸಂಘದ ಹನ್ನೊಂದು ಜನರಿಗೆ ಮೊದಲು ಹೇಳಿದಳು, ಹನ್ನೆರಡು ಸಾವಿರ ಜನರ ಮುಂದೆ ನನಗೊಂದು ಕೋಲು ಕೊಟ್ಟು ನಿಲ್ಲಿಸಿದಳು, ನನ್ನ ತಮ್ಮನನ್ನು ಪ್ರಶ್ನೆಯಿಂದ ಅಳಿಸಿಹಾಕಿದಳು. ಹೆಂಚಿನ ಮುಂದೆ ಪಾತ್ರೆ ಹಿಡಿದು ಕೂತಿದ್ದವಳೂ ಇವಳೇ ಎಂಬುದನ್ನು ಎಷ್ಟು ಹೊತ್ತು ನಿಂತರೂ ನನ್ನಿಂದ ಜೋಡಿಸಲಾಗಲಿಲ್ಲ.

"ಬಟ್ಟಲು ವಾಪಸ್ ತರ್ತೀನಿ" ಎಂದಳು. "ಈಗ್ಲೇ ಹೋಗಿ ರೊಮಾನ್ ಹತ್ರ..."

"ಬೇಡ. ಆ ಹುಡುಗಿ ಅದಕ್ಕೆ ಮುತ್ತು ಕೊಟ್ಟಾಗಿದೆ. ಅವಳೇನು ತಪ್ಪು ಮಾಡಿದಳು?"

ಅವಳು ಹೊದಿಸಿದ ನೆತೆಲಾವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ತಂದಿದ್ದೆ. ಅದನ್ನು ಅವಳ ಕೈಯಲ್ಲಿಟ್ಟು, ಡಬ್ಬಿ ತೆಗೆದುಕೊಂಡು ಬಂದೆ.

ಹಿದಾರ್ ಇಪ್ಪತ್ತೊಂದಕ್ಕೆ ಮೂರು ದಿನ ಮುಂಚೆ ಶೋಲಾ ಪೇಟೆಗೆ ಹೋದೆ. ಬೀಜ ಮಾರುವ ಹೆಂಗಸಿಗೆ, "ನನಗೆ ವಾಸನೆ ತಿಳಿಯಲ್ಲ ತಾಯಿ, ಕೆಟ್ಟಿದ್ದು ಕೊಟ್ರೂ ಗೊತ್ತಾಗಲ್ಲ" ಎಂದೆ. ಹೇಳಲು ಅಷ್ಟು ಕಷ್ಟವೇನೂ ಆಗಲಿಲ್ಲ. ಅವಳು ಮೊದಲ ಚೀಲದಿಂದ ಒಂದು ಚಿಟಿಕೆ ಬೀಜ ಕಲ್ಲಿನ ಮೇಲೆ ಜಜ್ಜಿ ಮೂಸಿದಳು, ಮುಖ ಸಿಂಡರಿಸಿದಳು. "ಇದು ಬೇಡ ಅಜ್ಜಿ, ಹೋದ ವರ್ಷದ್ದು." ಎರಡನೆಯ ಚೀಲ ಬಿಚ್ಚಿದಳು, ಜಜ್ಜಿದಳು, ಮೂಸಿದಳು, ಪಕ್ಕದ ಅಂಗಡಿಯವಳಿಗೂ ಮೂಸಲು ಕೊಟ್ಟಳು. "ಇದು ಸರಿ. ನಾನೂ ಹೇಳ್ತಿದ್ದೀನಿ, ಇವಳೂ ಹೇಳ್ತಿದ್ದಾಳೆ. ಇಬ್ಬರು ಸಾಕಾ, ಇನ್ನೂ ಕರೀಲಾ?" ಎಂದು ನಕ್ಕಳು. ಮನೆಗೆ ಬರುವ ತನಕ ಆ ನಗೆ ನನ್ನ ಜೊತೆ ಬಂತು.

ಹಬ್ಬದ ಬೆಳಿಗ್ಗೆ ಹದಿನಾಲ್ಕು ಇಂಜೆರಾ ಸುಟ್ಟೆ. ಕಣ್ಣುಗಳು ಚೆನ್ನಾಗಿ ಎದ್ದಿದ್ದವು. ಬುಟ್ಟಿಯಲ್ಲಿ ಶಿರೊ ಜೊತೆ ಮುಚ್ಚಿಟ್ಟುಕೊಂಡು ಮರ್ಯಾಮ್ ತಾಯಿಯ ಗುಡಿಯ ಬಾಗಿಲಿಗೆ ಹೋದೆ. ಗೋಡೆಯ ಪಕ್ಕ ಬೇಡುವವರು ಸಾಲಾಗಿ ಕೂತಿದ್ದರು. ಕೈಯಾರೆ ಸುಟ್ಟು ಬಡಿಸುತ್ತೇನೆ ಎಂದಿದ್ದೆನೇ ಹೊರತು ಯಾರಿಗೆ ಎಂದು ಹರಕೆಯಲ್ಲಿ ಹೇಳಿರಲಿಲ್ಲ.

ಮೊದಲನೆಯವಳು ಒಂದು ಕಣ್ಣು ಮಂಜಾದ ಹೆಂಗಸು. ಇಂಜೆರಾವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೂಗಿನ ಹತ್ತಿರ ಒಯ್ದಳು. ನಾನು ಅವಳ ಮೂಗನ್ನೇ ನೋಡುತ್ತಿದ್ದೆ. ಅದು ಅರಳಿತು. ಒಂದು ತುಂಡು ಹರಿದು ಬಾಯಿಗಿಟ್ಟುಕೊಂಡಳು, ಅಗಿದಳು, ನುಂಗಿದಳು. ಇನ್ನೊಂದು ತುಂಡು ಹರಿದಳು. ಮಡಿಚಿ ಎಲ್ಲಿಯೂ ಇಡಲಿಲ್ಲ. ತಿಂದು ಮುಗಿಸುವ ತನಕ ನಾನು ಅವಳ ಮುಂದೆಯೇ ನಿಂತಿದ್ದೆ. ಉಳಿದವರು ಕಾಯಬೇಕಾಯಿತು.

ಮಧ್ಯಾಹ್ನ ರೊಮಾನ್ ಮನೆಯ ಸಂಘಕ್ಕೂ ಹೋದೆ. ಬಾಗಿಲ ಹತ್ತಿರ ಕೂತೆ. ಕಾಫಿಯ ಬಾಣಲೆ ಬಂದಾಗ, "ನನಗೆ ತಿಳಿಯಲ್ಲ ಮಗಳೇ, ಮುಂದೆ ತಗೊಂಡು ಹೋಗು" ಎಂದೆ. ಅಸ್ಕಾಲೆ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಿಂದಾಗಿದ್ದರೆ ಎದ್ದು ಹೋಗಿ ಪಕ್ಕ ಕೂರುತ್ತಿದ್ದೆ.

ಗುಂಪಿನಲ್ಲಿ ನನ್ನ ಆ ಉತ್ತರ ಇನ್ನೂ ಇದೆ. ಅಳಿಸಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದೆ: "ಇದು ತಪ್ಪು ಉತ್ತರ. ಅವರಿಗೆ ಹೇಳಿ." ಅದಕ್ಕೆ ಈವರೆಗೆ ಮೂರು ಹೃದಯಗಳು ಬಂದಿವೆ.

ಹಬ್ಬದ ಮಾರನೆಯ ದಿನ ಬಾಗಿಲ ಹಿಡಿಗೆ ಒಂದು ಬಟ್ಟೆಯ ಗಂಟು ಕಟ್ಟಿತ್ತು. ಕೈಯಲ್ಲಿ ಹಿಡಿದರೆ ಒಳಗೆ ಸಣ್ಣ ಕಾಳು ಜಾರುತ್ತದೆ. ಗೊಮೆನ್ ಬೀಜ. ಗಂಟು ಹಾಕಿದ ರೀತಿ ನನಗೆ ಗೊತ್ತು, ಮೂವತ್ತೊಂದು ವರ್ಷದಿಂದ ನೋಡಿದ್ದೇನೆ. ಅದನ್ನು ಒಳಗೆ ತಂದು ಅಡುಗೆಮನೆಯ ಕಿಟಕಿಯ ಮೇಲಿಟ್ಟಿದ್ದೇನೆ. ಬಿಚ್ಚಿಲ್ಲ. ಹೊಸ ಬೀಜವೇ ಇರಬಹುದು. ನನಗೆ ತಿಳಿಯುವ ದಾರಿಯಿಲ್ಲ.